ಬಿಸಿಲಿನ ಕಲೆ: ಲೆಕ್ಕಕ್ಕೆ ಸಿಗದ ಒಂದು ಚರಿತ್ರೆ

ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕ 1982ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ದಾಖಲಾಗುತ್ತ ಬಂದಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಯೋಜನೆ ಶುರುವಾದಾಗ ಮುಂಬಯಿ, ಮದ್ರಾಸುಗಳ ಜೊತೆ ಆಯ್ಕೆಯಾದ ನಗರ ನಮ್ಮದು. ರಾಜಾಜಿನಗರದಲ್ಲೋ ವಿಜಯನಗರದಲ್ಲೋ ಯಾರಿಗಾದರೂ ಚರ್ಮದ ಕ್ಯಾನ್ಸರ್ ಆದರೆ ಅದು ಈ ದಾಖಲೆಗೆ ಸೇರಬೇಕು. ಆದರೆ ಅದಕ್ಕೆ ಎಷ್ಟೋ ವರ್ಷ ಮೊದಲೇ ಹಣೆ, ಮೂಗು, ಕಿವಿಯ ಮೇಲೆ ಎದ್ದಿದ್ದ ಒರಟು ಕಲೆಗೆ ಅಲ್ಲಿ ಜಾಗವಿಲ್ಲ. ನೋಂದಣಿ ಎಣಿಸುವುದು ಕ್ಯಾನ್ಸರನ್ನು, ಅದರ ಮುನ್ನಿನ ಸ್ಥಿತಿಯನ್ನಲ್ಲ. ಹಾಗಾಗಿ ಆಕ್ಟಿನಿಕ್ ಕೆರಟೋಸಿಸ್ ಎಂಬ ಈ ಕಲೆಯ ಇಲ್ಲಿನ ಚರಿತ್ರೆಯನ್ನು ಸುತ್ತುದಾರಿಯಲ್ಲೇ ಹುಡುಕಬೇಕು. ಆ ದಾರಿ ನಮ್ಮನ್ನು ಬಿಸಿಲಲ್ಲಿ ದುಡಿಯುವವರಿಗಿಂತ ಮೊದಲು ಮದುವೆಯ ಸಂಬಂಧಗಳ ಕಡೆಗೆ ಒಯ್ಯುತ್ತದೆ ಎಂಬುದು ಈ ಲೇಖನದ ವಾದ.

ರೋಗವನ್ನು ಮೊದಲು ಗುರುತಿಸಿದ್ದು ಬಿಳಿಯ ಶ್ರಮಿಕರ ಮೈಮೇಲೆ. 1894ರಲ್ಲಿ ಹ್ಯಾಂಬರ್ಗಿನ ಪಾಲ್ ಗೆರ್ಸನ್ ಉನ್ನಾ ನಾವಿಕರ ಮುಖ, ಕೈಗಳ ಚರ್ಮ ಹದಗೆಟ್ಟು ಕ್ಯಾನ್ಸರಿಗೆ ತಿರುಗುವುದನ್ನು ವಿವರಿಸಿದರು. ಎರಡು ವರ್ಷಗಳ ನಂತರ ಬೋರ್ಡೋ ನಗರದ ವಿಲಿಯಂ ದ್ಯುಬ್ರೇಯ್ ಇಂಥ ಗಡಸು ಕಲೆಗಳನ್ನು ವಿವರಿಸಿದರು. ಮುಂದೆ ದ್ರಾಕ್ಷಿತೋಟದ ಕೆಲಸಗಾರರಲ್ಲಿ ಬಿಸಿಲಿನ ಪಾತ್ರವನ್ನು ಎತ್ತಿ ತೋರಿಸಿದರು. 1928ರಲ್ಲಿ ಫಿಂಡ್ಲೇ ಅವರ ಪ್ರಯೋಗದಲ್ಲಿ ನೇರಳಾತೀತ ಕಿರಣ ಬಿದ್ದ ಇಲಿಗಳಿಗೆ ಚರ್ಮದ ಕ್ಯಾನ್ಸರ್ ಬಂದಾಗ, ಅದುವರೆಗೆ ಮುಪ್ಪಿನ ತಲೆಗೆ ಕಟ್ಟಿದ್ದ ದೋಷ ಬಿಸಿಲಿನದೆಂದು ಖಚಿತವಾಗತೊಡಗಿತು.

ಬೆಂಗಳೂರಿನ ಬಿಸಿಲೇನೂ ಸೌಮ್ಯವಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ನಿಲ್ಲುತ್ತಾನೆ. ಗಾಳಿ ತಂಪಾಗಿದ್ದ ಮಾತ್ರಕ್ಕೆ ನೇರಳಾತೀತ ಕಿರಣ ಕಡಿಮೆಯಾಗುವುದಿಲ್ಲ. ತಂಪು ಅದರ ಅರಿವನ್ನಷ್ಟೇ ಮರೆಸುತ್ತದೆ. ಹೀಗಿದ್ದೂ ಕೆಂಗೇರಿಯಾಚೆಯ ರೈತರಲ್ಲಿ, ಬಸವೇಶ್ವರನಗರದ ತಳ್ಳುಗಾಡಿ ವ್ಯಾಪಾರಿಗಳಲ್ಲಿ ಈ ಕಲೆ ಅಪರೂಪ. ಅವರನ್ನು ಕಾಯುತ್ತಿರುವುದು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್.

ಆ ಕಾವಲು ಹುಟ್ಟಿನಿಂದಲೇ ಇಲ್ಲದವರಿದ್ದಾರೆ. ಅಲ್ಬಿನಿಸಂನಲ್ಲಿ ಮೆಲನಿನ್ ತಯಾರಾಗುವುದೇ ಇಲ್ಲ, ಇಲ್ಲವೇ ತೀರ ಕಡಿಮೆ. 1870ರ ದಶಕದಲ್ಲಿ ವಿಯೆನ್ನಾದ ಕಪೋಸಿ ವಿವರಿಸಿದ ಕ್ಸೀರೋಡರ್ಮಾ ಪಿಗ್ಮೆಂಟೋಸಂ ಎಂಬ ಕಾಯಿಲೆಯಲ್ಲಿ ದೋಷವಿರುವುದು ಮೆಲನಿನ್‌ನಲ್ಲಲ್ಲ, ಬಿಸಿಲಿನಿಂದ ಕೆಟ್ಟ ಡಿಎನ್‌ಎ ರಿಪೇರಿಯಾಗದಿರುವುದರಲ್ಲಿ. ಇದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ಕಂಡುಹಿಡಿದರು. ಎರಡೂ ಸಾಮಾನ್ಯವಾಗಿ ತಾಯಿ, ತಂದೆ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಪ್ರಕಟವಾಗುವಂಥವು. ತಾಯಿ, ತಂದೆ ರಕ್ತಸಂಬಂಧಿಗಳಾಗಿದ್ದರೆ ಆ ಸಂಭವ ಹೆಚ್ಚು. 1980ರ ದಶಕದಲ್ಲಿ ರಾಧಾ ರಮಾದೇವಿ, ಅಪ್ಪಾಜಿರಾವ್ ಮತ್ತು ಅಲನ್ ಬಿಟಲ್ಸ್ ಕರ್ನಾಟಕದ ಮದುವೆಗಳನ್ನು ಅಧ್ಯಯನ ಮಾಡಿದಾಗ ಸುಮಾರು ಮೂರರಲ್ಲೊಂದು ರಕ್ತಸಂಬಂಧದೊಳಗಿನದೆಂದು ತಿಳಿಯಿತು. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವ ರೂಢಿ ಅಷ್ಟು ಗಟ್ಟಿಯಾಗಿತ್ತು. ಚರ್ಮದ ಕ್ಯಾನ್ಸರಿನ ಚರ್ಚೆಯಲ್ಲಿ ಈ ಅಧ್ಯಯನಕ್ಕೆ ಸಿಗಬೇಕಾದ ಸ್ಥಾನ ಸಿಕ್ಕಿಲ್ಲವೆಂದೇ ನನ್ನ ಅಭಿಪ್ರಾಯ. ಇದರಿಂದ ಯಾವ ತಾಯಿಯನ್ನೂ ದೂಷಿಸಬೇಕಾಗಿಲ್ಲ. ವೈದ್ಯರು ಎಲ್ಲಿ ನೋಡಬೇಕು ಎಂಬುದಷ್ಟೇ ಇದರಿಂದ ಸಿಗುವ ತಿಳಿವಳಿಕೆ.

ಈ ಕಲೆ ನೋಡುವುದಕ್ಕಿಂತ ಮುಟ್ಟಿದರೆ ಬೇಗ ತಿಳಿಯುತ್ತದೆ. ಕೆಂಪು ಅಥವಾ ಚರ್ಮದ್ದೇ ಬಣ್ಣದ ಸಣ್ಣ ಕಲೆ, ಮೇಲೆ ಉಪ್ಪುಕಾಗದದಂಥ ಒರಟು ಹಕ್ಕಳೆ. ಕಿತ್ತರೆ ಮತ್ತೆ ಕಟ್ಟುತ್ತದೆ. ಬಂಗು ಹೀಗಿರುವುದಿಲ್ಲ, ಅದು ನುಣುಪು. ಕೆಳತುಟಿ ಒಣಗಿ, ಬಿಳಿಚಿ, ಅಂಚು ಮಾಸುವುದೂ ಇದೇ ಜಾತಿಯದು. ಕಲೆ ದಪ್ಪವಾದರೆ, ನೋವು ಬಂದರೆ, ರಕ್ತ ಒಸರಿದರೆ ಬಯಾಪ್ಸಿ ಆಗಲೇಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಕೆಂಪನ್ನು ತಗ್ಗಿಸಿ ಪತ್ತೆಯನ್ನು ಮುಂದೂಡುತ್ತದೆ. ಮೆಲನಿನ್ ಇರುವ ಚರ್ಮಕ್ಕೆ ಕ್ಯಾನ್ಸರ್ ಬರುವ ದಾರಿ ಬೇರೆ: ಸುಟ್ಟಗಾಯದ ಗುರುತು, ವರ್ಷಗಟ್ಟಲೆ ಮಾಯದ ಹುಣ್ಣು. ಮಾಗಡಿ ರಸ್ತೆಯ ಸುಮನಹಳ್ಳಿಯಂಥ ಕುಷ್ಠರೋಗ ಪುನರ್ವಸತಿ ಕೇಂದ್ರಗಳಲ್ಲಿ ಪಾದದ ಹುಣ್ಣಿನ ಆರೈಕೆಗೆ ಈ ಕಾರಣಕ್ಕೂ ಮಹತ್ವವಿದೆ.

ಚಿಕಿತ್ಸೆಯ ಚರಿತ್ರೆ ಚಿಕ್ಕದು. 1950ರಲ್ಲಿ ಅಮೆರಿಕದ ಆಲಿಂಗ್ಟನ್ ಹತ್ತಿಯ ಕಡ್ಡಿಯಿಂದ ದ್ರವ ಸಾರಜನಕ ತಾಗಿಸಿ ಚರ್ಮದ ಗಂಟು, ಕಲೆಗಳನ್ನು ಹೆಪ್ಪುಗಟ್ಟಿಸುವ ಕ್ರಮವನ್ನು ಪ್ರಕಟಿಸಿದರು. ಒಂದೆರಡು ಕಲೆಗಳಿದ್ದರೆ ಇಂದಿಗೂ ಅದೇ ದಾರಿ, ಈಗ ಸ್ಪ್ರೇ ರೂಪದಲ್ಲಿ. 1957ರಲ್ಲಿ ಬೆಳಕಿಗೆ ಬಂದ 5-ಫ್ಲೋರೋಯುರಾಸಿಲ್ ಬೇರೆ ಕ್ಯಾನ್ಸರುಗಳಿಗೆಂದು ಹುಟ್ಟಿದ ಔಷಧ. ಅದನ್ನು ಪಡೆಯುತ್ತಿದ್ದವರ ಬಿಸಿಲುಕಲೆಗಳು ಕೆಂಪಗಾಗಿ ಉದುರಿದ್ದನ್ನು ಕಂಡ ವೈದ್ಯರು 1960ರ ದಶಕದ ಆರಂಭದಲ್ಲಿ ಅದನ್ನು ಮುಲಾಮು ಮಾಡಿದರು. ಕಲೆಗಳು ಹಲವಿದ್ದರೆ ಶೇ. 5ರ ಕ್ರೀಮನ್ನು ಎರಡರಿಂದ ನಾಲ್ಕು ವಾರ ಹಚ್ಚಬೇಕು. ಮೊದಲು ಉರಿ, ಕೆಂಪು, ಸಿಪ್ಪೆ. ಆಮೇಲೆ ಹೊಸ ಚರ್ಮ. ಇದನ್ನು ಮೊದಲೇ ಬಿಡಿಸಿ ಹೇಳದಿದ್ದರೆ ರೋಗಿ ಅಲರ್ಜಿ ಎಂದುಕೊಂಡು ಅರ್ಧಕ್ಕೇ ನಿಲ್ಲಿಸುತ್ತಾರೆ.

ಒಂದು ಕಲೆ ವರ್ಷದೊಳಗೆ ಕ್ಯಾನ್ಸರಾಗುವ ಸಂಭವ ಸಾವಿರಕ್ಕೆ ಒಂದಕ್ಕೂ ಕಡಿಮೆಯೆಂದು 1988ರ ಆಸ್ಟ್ರೇಲಿಯಾದ ಅಧ್ಯಯನ ಹೇಳಿತು. ಎಳೆ ವಯಸ್ಸಿನಿಂದಲೇ ಕಲೆಗಳು ಕೂಡುತ್ತ ಹೋಗುವ ಅಲ್ಬಿನಿಸಂನ ಮಗುವಿಗೆ ಈ ಸಮಾಧಾನ ಸಾಲದು. ಅಂಥ ಮಗುವಿಗೆ ನಿಯಮಿತ ಚರ್ಮಪರೀಕ್ಷೆಯ ಜೊತೆಗೆ ಶಾಲೆಯ ಸಮವಸ್ತ್ರದಲ್ಲಿ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿಗೆ ಅನುಮತಿ, ಆಟದ ಪೀರಿಯಡ್ಡಿನಲ್ಲಿ ನೆರಳು ಬೇಕು. ಇವೂ ಚಿಕಿತ್ಸೆಯ ಚೀಟಿಯಲ್ಲಿ ಬರೆದುಕೊಡಬೇಕಾದವೇ.