ಕೋವಿಡ್ ಕಾಲದ ಯಕೃತ್ತು: ಸ್ಲೈಡಿನಲ್ಲಿ ಕಂಡದ್ದು, ಕಾಣದೇ ಹೋದದ್ದು

ಕೋವಿಡ್ ಬಂದುಹೋದ ಮೇಲೆ ಲಿವರ್ ಹೆಸರಿನಲ್ಲಿ ಹೊಸ ವ್ಯಾಪಾರವೊಂದು ಶುರುವಾಗಿದೆ. ‘ಕೊರೊನಾ ನಿಮ್ಮ ಲಿವರನ್ನು ಒಳಗೊಳಗೇ ತಿಂದುಹಾಕಿದೆ, ಶುದ್ಧಿ ಮಾಡಿಸಿಕೊಳ್ಳಿ’ ಎಂದು ಪುಡಿ, ಸಿರಪ್ಪು ಮಾರುವವರು ಒಂದು ಕಡೆ. ಎಲ್‌ಎಫ್‌ಟಿ ಎಂಬ ಲಿವರ್ ರಕ್ತಪರೀಕ್ಷೆಯಲ್ಲಿ ಎಸ್‌ಜಿಪಿಟಿ ಕಿಣ್ವ ಅರವತ್ತು ದಾಟಿದ್ದೇ ತಡ, ‘ಕೋವಿಡ್ ನಂತರದ ಹೆಪಟೈಟಿಸ್’ ಎಂದು ಬರೆದು ಕೈತೊಳೆದುಕೊಳ್ಳುವ ನಮ್ಮ ವೈದ್ಯಬಂಧುಗಳು ಇನ್ನೊಂದು ಕಡೆ. ಯಕೃತ್ತಿನ ಬಯಾಪ್ಸಿ ನೋಡುವುದನ್ನೇ ಕಸುಬು ಮಾಡಿಕೊಂಡ ನನ್ನಂಥವರಿಗೆ ಈ ಎರಡೂ ಒಪ್ಪುವ ಮಾತಲ್ಲ.

ಕೊರೊನಾ ಕುಲಕ್ಕೆ ಯಕೃತ್ತು ಹೊಸದೇನಲ್ಲ. 1950ರ ಆಸುಪಾಸಿನಲ್ಲೇ ಇಲಿಗಳ ಯಕೃತ್ತನ್ನು ಹಾಳುಗೆಡಹುವ ವೈರಸ್ಸೊಂದು ಪ್ರಯೋಗಾಲಯಗಳಲ್ಲಿ ಸಿಕ್ಕಿತ್ತು; ಅದು ಇದೇ ಕುಲದ್ದೆಂದು ಮುಂದೆ ತಿಳಿಯಿತು. ಮನುಷ್ಯನಿಗೆ ನೆಗಡಿ ತರುವ ಅದರ ದಾಯಾದಿಗಳು 60ರ ದಶಕದಲ್ಲಿ ಸಿಕ್ಕಾಗ ಲಿವರ್ ವೈದ್ಯರು ಅತ್ತ ತಿರುಗಿಯೂ ನೋಡಲಿಲ್ಲ. ಇದೇ ಕುಲದ ವೈರಸ್ಸಿನಿಂದ ಸಾರ್ಸ್ ಕಾಯಿಲೆ ಬಂದ ಮರುವರ್ಷ, 2004ರಲ್ಲಿ, ಹಾಂಗ್‌ಕಾಂಗಿನ ವೈದ್ಯರು ಮೂವರು ರೋಗಿಗಳ ಯಕೃತ್ತಿನ ಬಯಾಪ್ಸಿ ಪ್ರಕಟಿಸಿದರು. ಸಾಯುತ್ತಿರುವ ಜೀವಕೋಶಗಳ ನಡುವೆಯೇ ವಿಭಜನೆಯಲ್ಲಿ ತೊಡಗಿದ ಜೀವಕೋಶಗಳು ಅಲ್ಲಿ ಎದ್ದು ಕಂಡವು. ಸಾರ್ಸ್ ಹೋಯಿತು, ಆಸಕ್ತಿಯೂ ಹೋಯಿತು. 2012ರಲ್ಲಿ ಬಂದ, ಇದೇ ಕುಲದ ಮರ್ಸ್‌ನಿಂದ ಈ ವಿಷಯಕ್ಕೆ ಸೇರಿದ್ದು ಅಷ್ಟಕ್ಕಷ್ಟೆ.

2020ರ ಜನವರಿಯಲ್ಲಿ ವುಹಾನ್‌ನ ಜಿನ್‌ಯಿನ್‌ತಾನ್ ಆಸ್ಪತ್ರೆಯ 99 ರೋಗಿಗಳ ವರದಿ ಬಂತು. ಅವರಲ್ಲಿ 43 ಜನರ ಲಿವರ್ ಪರೀಕ್ಷೆ ಏರುಪೇರಾಗಿತ್ತು. ತಿಂಗಳೊಪ್ಪತ್ತಿನಲ್ಲಿ 1,099 ರೋಗಿಗಳ ಇನ್ನೊಂದು ವರದಿ ಬಂದಾಗ ಪ್ರಮಾಣ ಐವರಲ್ಲಿ ಒಬ್ಬರಿಗೆ ಇಳಿಯಿತು. ಆದರೆ ಜನರ ನೆನಪಿನಲ್ಲಿ ಉಳಿದದ್ದು ಮೊದಲನೆಯ ಸಂಖ್ಯೆ. ಅದರ ಬೆನ್ನಿಗೇ, ವೈರಸ್ಸು ಒಳಹೋಗಲು ಹಿಡಿದುಕೊಳ್ಳುವ ಎಸಿಇ2 ಎಂಬ ಪ್ರೋಟೀನು ಪಿತ್ತನಾಳದ ಜೀವಕೋಶಗಳಲ್ಲಿ ಯಥೇಚ್ಛವಾಗಿದೆ, ಯಕೃತ್ತಿನ ಮುಖ್ಯ ಜೀವಕೋಶಗಳಲ್ಲಿ ತೀರ ಕಡಿಮೆ ಎಂಬ ಸಂಶೋಧನೆ ಬಂತು. ಹಾಗಿದ್ದರೆ ಪಿತ್ತನಾಳಕ್ಕೆ ಪೆಟ್ಟು ಬಿದ್ದು ರೋಗಿಗೆ ಕಾಮಾಲೆ ಬರಬೇಕಿತ್ತು, ಪಿತ್ತ ಕಟ್ಟಿಕೊಂಡಾಗ ಹೆಚ್ಚುವ ಆಲ್ಕಲೈನ್ ಫಾಸ್ಫಟೇಸ್ ಏರಬೇಕಿತ್ತು. ಆದರೆ ಪರೀಕ್ಷೆ ಏರುಪೇರಾದ ಬಹುಪಾಲು ರೋಗಿಗಳಲ್ಲಿ ಏರಿದ್ದು ಜೀವಕೋಶಗಳಿಗೆ ಪೆಟ್ಟಾದಾಗ ಸೋರುವ ಎಸ್‌ಜಿಒಟಿ, ಅದೂ ಅಲ್ಪಸ್ವಲ್ಪ. ಸಿದ್ಧಾಂತ ಒಂದು ದಾರಿ, ರೋಗಿ ಇನ್ನೊಂದು ದಾರಿ.

ಆ ವರ್ಷ ದೊಡ್ಡ ಜಗಳ ನಡೆದದ್ದು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳ ಮೇಲೆ. ಯಕೃತ್ತಿನ ಜೀವಕೋಶದೊಳಗೆ ಮುಳ್ಳುಕಿರೀಟದ ಕಣಗಳು ಕಂಡಿವೆ, ವೈರಸ್ಸೇ ನೇರವಾಗಿ ಹೊಡೆಯುತ್ತಿದೆ ಎಂದು ಚೀನಾದ ತಂಡವೊಂದು ಬರೆಯಿತು. ಜೀವಕೋಶದೊಳಗೆ ಸರಕು ಸಾಗಿಸುವ ಪುಟ್ಟ ಕೋಶಕಗಳಿಗೂ ಸುತ್ತ ಅಂಥದೇ ಮುಳ್ಳಿನ ಹೊದಿಕೆ ಇರುತ್ತದೆ, ಅವನ್ನೇ ನೋಡಿ ವೈರಸ್ಸೆಂದು ಭ್ರಮಿಸಬೇಡಿ ಎಂದು ಅನುಭವಿಗಳು ಎಚ್ಚರಿಸಿದರು. ನಾನು ಎಚ್ಚರಿಸಿದವರ ಕಡೆ.

ವಿಷಯ ತಿಳಿಯಾದದ್ದು ಶವಪರೀಕ್ಷೆಯಿಂದ. ಇಟಲಿಯ ಬೆರ್ಗಮೊ ಮತ್ತು ಮಿಲಾನ್‌ನ ರೋಗಶಾಸ್ತ್ರಜ್ಞರು, ಊರೆಲ್ಲ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ, 48 ಮೃತರ ಯಕೃತ್ತನ್ನು ಪರೀಕ್ಷಿಸಿದರು. ಇದು ವೈರಲ್ ಹೆಪಟೈಟಿಸ್ ಆಗಿದ್ದರೆ ರಕ್ತನಾಳ, ಪಿತ್ತನಾಳಗಳು ಒಟ್ಟಿಗೆ ಹಾಯುವ ಪೋರ್ಟಲ್ ಜಾಗದ ತುಂಬ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಿಕ್ಕಿರಿದಿರಬೇಕು. ಅಲ್ಲಿ ಉರಿಯೂತ ಬಹಳ ಕಡಿಮೆ ಇತ್ತು. ಬದಲಿಗೆ ಪೋರ್ಟಲ್ ಅಭಿಧಮನಿಯ ಸಣ್ಣ ಕವಲುಗಳು ಉಬ್ಬಿದ್ದವು, ಕೆಲವೆಡೆ ಹೊಸದಾಗಿ ಹೆಪ್ಪುಗಟ್ಟಿದ ರಕ್ತ ಅವನ್ನು ಮುಚ್ಚಿತ್ತು. ಅಂದರೆ ಪೆಟ್ಟು ಬಿದ್ದದ್ದು ರಕ್ತನಾಳಗಳಿಗೆ. ನ್ಯೂಯಾರ್ಕ್‌ನಲ್ಲಿ 40 ಮೃತರ ಯಕೃತ್ತು ನೋಡಿದವರಿಗೆ ಮುಕ್ಕಾಲು ಜನರಲ್ಲಿ ಕೊಬ್ಬು ಕಂಡಿತು; ಪರೀಕ್ಷೆಗೆ ಸಿಕ್ಕ 20ರಲ್ಲಿ 11ರ ಅಂಗಾಂಶದಲ್ಲಿ ವೈರಸ್ಸಿನ ಆರ್‌ಎನ್‌ಎ ಇತ್ತು. ಮುಂದೆ ಹ್ಯಾಂಬರ್ಗ್‌ನವರಿಗೂ ಯಕೃತ್ತಿನಲ್ಲಿ ವೈರಸ್ಸು ಸಿಕ್ಕಿತು. ವೈರಸ್ಸು ಅಲ್ಲಿಗೆ ಹೋಗುತ್ತದೆ, ಸಂಶಯವಿಲ್ಲ. ಆದರೆ ಹೋಗುವುದು ಬೇರೆ, ಕೊಲ್ಲುವುದು ಬೇರೆ. ಆಮ್ಲಜನಕದ ಕೊರತೆ, ಹೃದಯದ ಬಲಭಾಗದ ಒತ್ತಡ, ಉರಿಯೂತ ಹೆಚ್ಚಿಸುವ ಸೈಟೊಕೈನ್‌ಗಳ ಉಬ್ಬರ, ಸಣ್ಣ ಹೆಪ್ಪುಗಳು, ಮೇಲೆ ಔಷಧಿಗಳು: ನ್ಯುಮೋನಿಯಾದಿಂದ ಸಾಯುವ ಯಾವ ರೋಗಿಯ ಯಕೃತ್ತೂ ಇಷ್ಟನ್ನೂ ಒಟ್ಟಿಗೇ ಸಹಿಸಬೇಕು.

ಗಾಬರಿಯಾಗಬೇಕಾದ ಜಾಗ ಬೇರೆ ಇತ್ತು. 29 ದೇಶಗಳ 745 ಲಿವರ್ ರೋಗಿಗಳ ದಾಖಲೆ ತೆಗೆದಾಗ, ಸಿರೋಸಿಸ್ (ಯಕೃತ್ತು ಗಾಯಗಟ್ಟಿ ಗಟ್ಟಿಯಾಗುವ ಕಾಯಿಲೆ) ಇದ್ದ ಕೋವಿಡ್ ರೋಗಿಗಳಲ್ಲಿ 32% ಸತ್ತಿದ್ದರು. ಸಿರೋಸಿಸ್ ಇಲ್ಲದವರಲ್ಲಿ 8%. ಸಿರೋಸಿಸ್‌ನ ಕೊನೆಯ ಹಂತ, ಅಂದರೆ ಚೈಲ್ಡ್-ಪ್ಯೂ ಸಿ ದರ್ಜೆಯಲ್ಲಿದ್ದವರಲ್ಲಿ ಅರ್ಧಕ್ಕರ್ಧ ಉಳಿಯಲಿಲ್ಲ. ಅವರಲ್ಲೂ ಹೆಚ್ಚಿನವರು ಸತ್ತದ್ದು ಶ್ವಾಸಕೋಶ ಸೋತು. ಮೊದಲೇ ಹಾಳಾಗಿದ್ದ ಯಕೃತ್ತು ಕೋವಿಡ್ಡನ್ನು ಮಾರಕ ಮಾಡಿತು. ಕೋವಿಡ್ ಒಳ್ಳೆಯ ಯಕೃತ್ತನ್ನು ಹಾಳು ಮಾಡಿದ್ದು ಅಪರೂಪ. ಆ ಅಪರೂಪದಲ್ಲೊಂದನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ವಾರಗಟ್ಟಲೆ ವೆಂಟಿಲೇಟರ್ ಮೇಲಿದ್ದು ಬದುಕಿಬಂದ ಕೆಲವರಿಗೆ ತಿಂಗಳುಗಳ ನಂತರ ತುರಿಕೆ, ಕಾಮಾಲೆ ಶುರುವಾಗಿ, ಪಿತ್ತನಾಳಗಳು ಗಂಟುಗಂಟಾಗಿ ಕಿರಿದಾಗುತ್ತವೆ. 2021ರಿಂದ ವರದಿಯಾಗುತ್ತಿರುವ ಈ ಕಾಯಿಲೆಯಲ್ಲಿ ಕೆಲವರಿಗೆ ಯಕೃತ್ತಿನ ಕಸಿಯೇ ಗತಿಯಾಗಿದೆ.

ಇನ್ನು ನಮ್ಮ ದೇಶದ ಕಥೆ. ಜ್ವರ ಬಂದವರ ಚೀಟಿಯಲ್ಲಿ ಪ್ಯಾರಸಿಟಮಾಲ್, ಡಾಕ್ಸಿಸೈಕ್ಲಿನ್, ಐವರ್ಮೆಕ್ಟಿನ್, ಫ್ಯಾವಿಪಿರಾವಿರ್, ಸ್ಟೆರಾಯ್ಡ್ ಎಲ್ಲ ಒಟ್ಟಿಗೇ ಇರುತ್ತಿದ್ದವು. ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರ ಬಂದು ಶಿಲೀಂಧ್ರನಾಶಕಗಳೂ ಸೇರಿಕೊಂಡವು. ಹೆಪಟೈಟಿಸ್ ಬಿ ಇದೆಯೇ ಎಂದು ನೋಡದೆ ಸ್ಟೆರಾಯ್ಡ್, ಟೊಸಿಲಿಜುಮ್ಯಾಬ್‌ನಂಥ ರೋಗನಿರೋಧಕ ಶಕ್ತಿ ತಗ್ಗಿಸುವ ಮದ್ದು ಕೊಟ್ಟರೆ ಮಲಗಿದ್ದ ಆ ವೈರಸ್ಸು ಏಳಬಹುದೆಂಬುದು ಗೊತ್ತಿದ್ದದ್ದೇ. ಗಡಿಬಿಡಿಯಲ್ಲಿ ಯಾರಿಗೆ ನೆನಪು? ಇದರ ಜೊತೆ ಮನೆಮನೆಯ ಕಷಾಯ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಆರು ಜನರ ವಿವರ ಬರೆದಾಗ ಆಯುಷ್ ಸಚಿವಾಲಯ ಅದು ದಾರಿತಪ್ಪಿಸುವಂಥದ್ದೆಂದು ತಳ್ಳಿಹಾಕಿತು. ಮರುವರ್ಷ ದೇಶದ 13 ಕೇಂದ್ರಗಳಿಂದ ಅಂಥದೇ 43 ರೋಗಿಗಳ ವರದಿ ಬಂತು. ಇಂಥ ಬಯಾಪ್ಸಿಗಳಲ್ಲಿ ಪ್ಲಾಸ್ಮಾ ಕೋಶಗಳು ಪೋರ್ಟಲ್ ಅಂಚನ್ನು ಕೊರೆದು ಒಳನುಗ್ಗಿರುತ್ತವೆ. ನೋಡಲು ಥೇಟ್ ಆಟೊಇಮ್ಯೂನ್ ಹೆಪಟೈಟಿಸ್, ಅಂದರೆ ದೇಹದ ರಕ್ಷಣಾವ್ಯವಸ್ಥೆಯೇ ಯಕೃತ್ತಿನ ಮೇಲೆ ತಿರುಗಿಬೀಳುವ ಕಾಯಿಲೆ. ಬೆರ್ಗಮೊದ ಸ್ಲೈಡಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ‘ಏನೇನು ಕುಡಿದಿರಿ?’ ಎಂದು ಕೇಳದ ವೈದ್ಯರ ಕಡತದಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು.

ಕೋವಿಡ್‌ನಿಂದ ದೇಶದ ಮೊದಲ ಸಾವು ನಮ್ಮ ಕಲಬುರಗಿಯಲ್ಲಾಯಿತು. ಸರ್ಕಾರದ ಲೆಕ್ಕದಲ್ಲೇ ರಾಜ್ಯದಲ್ಲಿ 40 ಸಾವಿರ ಜನ ಸತ್ತರು. ಈ ಎರಡು ಬಗೆಯ ಪೆಟ್ಟನ್ನು ಬೇರ್ಪಡಿಸಲು ನಮ್ಮಲ್ಲೂ ಶವಪರೀಕ್ಷೆ ಬೇಕಿತ್ತು. ಆದರೆ ಶವ ಕೊಯ್ಯುವ ಪರೀಕ್ಷೆ ಬೇಡವೆಂಬ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಲಹೆ 2020ರ ಮೇ ತಿಂಗಳಲ್ಲಿ ಬಂತು. ಅದು ಕಾನೂನಿಗೆ ಸಂಬಂಧಿಸಿದ (ಮೆಡಿಕೊ-ಲೀಗಲ್) ಪ್ರಕರಣಗಳಿಗೆ ಹೇಳಿದ್ದಾದರೂ ಬಹುಪಾಲು ಶವಾಗಾರಗಳು ಅದನ್ನೇ ಅಪ್ಪಣೆ ಎಂದುಕೊಂಡವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಆಕ್ಸ್‌ಫರ್ಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ದಿನೇಶ್ ರಾವ್ ಶವಪರೀಕ್ಷೆ ಮಾಡಿದಾಗ, ಶ್ವಾಸಕೋಶ ಚರ್ಮದ ಚೆಂಡಿನಂತೆ ಗಟ್ಟಿಯಾಗಿತ್ತೆಂಬುದು ಎಲ್ಲ ಪತ್ರಿಕೆಗಳಲ್ಲೂ ಬಂತು. ಯಕೃತ್ತಿನ ಸುದ್ದಿ ಯಾರೂ ಕೇಳಲಿಲ್ಲ. ದೇಹ ತೆರೆಯದೆ ಸೂಜಿ ಇಳಿಸಿ ಅಂಗಾಂಶ ತೆಗೆಯುವ ಕ್ರಮವನ್ನು ದೆಹಲಿಯ ಏಮ್ಸ್‌ನವರು ಮಾಡಿ ತೋರಿಸಿದರು. ಅದಕ್ಕೆ ಬೇಕಾದದ್ದು ಒಂದು ಬಯಾಪ್ಸಿ ಸೂಜಿ, ಒಂದು ಬಾಟಲಿ ಫಾರ್ಮಲಿನ್, ಮನೆಯವರ ಒಪ್ಪಿಗೆ. ಹಾಗೆ ಜಿಲ್ಲೆಗೆ ಹತ್ತು ತುಣುಕು ತೆಗೆದಿಟ್ಟಿದ್ದರೂ, ಸಕ್ಕರೆ ಕಾಯಿಲೆ, ಮೊದಲೇ ಇದ್ದ ಕೊಬ್ಬು, ಐದು ಬಗೆಯ ಮಾತ್ರೆ, ಮೇಲೆ ಎರಡು ಹೊತ್ತು ಕಷಾಯ, ಇಷ್ಟೂ ಸೇರಿದ ಯಕೃತ್ತಿನಲ್ಲಿ ಯಾವುದರ ಪೆಟ್ಟು ಎಷ್ಟು ಎಂದು ಇವತ್ತು ಕೂತು ನೋಡಬಹುದಿತ್ತು. ಬೆರ್ಗಮೊದವರು ಡಾಕ್ಸಿಯ ಮೇಲೆ ಅಮೃತಬಳ್ಳಿ ಕುಡಿದವರಲ್ಲ. ಈ ಪ್ರಶ್ನೆಗೆ ಅವರ ಸ್ಲೈಡುಗಳಲ್ಲಿ ಉತ್ತರವಿಲ್ಲ.