ಕಡಿಮೆ ವೆಚ್ಚದ ಆಘಾತ ತರಂಗ ಚಿಕಿತ್ಸಾ ಉಪಕರಣದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಶಾಕ್‌ವೇವ್ ಥೆರಪಿ ಎಂದು ರೂಢಿಯಲ್ಲಿರುವ ಆಘಾತ ತರಂಗ ಚಿಕಿತ್ಸೆಯ ಉಪಕರಣಗಳು ಈಗ ಸಣ್ಣ ಫಿಸಿಯೋಥೆರಪಿ ಕೇಂದ್ರಗಳಲ್ಲಿಯೂ ಬಳಕೆಗೆ ಬಂದಿವೆ. ಸ್ವಂತ ಕೇಂದ್ರ ತೆರೆಯಲು ಸಾಲ ಅಥವಾ ನೋಂದಣಿಗಾಗಿ ಅರ್ಜಿ ಸಲ್ಲಿಸುವವರು ಉಪಕರಣವನ್ನು ಆಯ್ಕೆ ಮಾಡುವಾಗ ಗಮನಿಸಬೇಕಾದ ಅಂಶಗಳನ್ನು ಇಲ್ಲಿ ನೀಡಲಾಗಿದೆ. ಉಪಕರಣದ ಆಯ್ಕೆ ತಪ್ಪಿದಲ್ಲಿ ಅರ್ಜಿದಾರರ ಉಳಿತಾಯವೂ ರೋಗಿಯ ಆರೋಗ್ಯವೂ ಏಕಕಾಲಕ್ಕೆ ಹಾನಿಗೊಳಗಾಗುವುದರಿಂದ ಈ ಮಾಹಿತಿಯನ್ನು ಪೂರ್ಣವಾಗಿ ಓದಿಕೊಳ್ಳುವುದು ಸೂಕ್ತ.

1. ಚಿಕಿತ್ಸೆಯ ಸ್ವರೂಪ

ದೇಹದ ಹೊರಗಿನಿಂದ ಒತ್ತಡದ ಅಲೆಗಳನ್ನು ಹಾಯಿಸಿ ಮೂತ್ರಪಿಂಡದ ಕಲ್ಲನ್ನು ಪುಡಿ ಮಾಡುವ ಚಿಕಿತ್ಸೆಯನ್ನು ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರ ಫೆಬ್ರವರಿಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ನೀಡಲಾಯಿತು. ಮುಂದೆ ಇದೇ ತತ್ವವನ್ನು ಸ್ನಾಯುರಜ್ಜು ಹಾಗೂ ಎಲುಬಿನ ತೊಂದರೆಗಳಿಗೆ ಅಳವಡಿಸಲಾಯಿತು. ದೀರ್ಘಕಾಲದ ಹಿಮ್ಮಡಿ ನೋವಿನ ಚಿಕಿತ್ಸೆಗಾಗಿ ಇಂತಹ ಉಪಕರಣವೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2000ದಲ್ಲಿ ಅನುಮೋದನೆ ನೀಡಿತು.

ಹಿಮ್ಮಡಿ ನೋವು, ಭುಜದ ಸ್ನಾಯುರಜ್ಜುವಿನಲ್ಲಿ ಸುಣ್ಣ ಕಟ್ಟುವಿಕೆ, ಟೆನಿಸ್ ಎಲ್ಬೋ ಹಾಗೂ ಹಿಮ್ಮಡಿಯ ಹಿಂಭಾಗದ ಸ್ನಾಯುರಜ್ಜುವಿನ ನೋವುಗಳಲ್ಲಿ ಈ ಚಿಕಿತ್ಸೆಯ ಕುರಿತು ಹೆಚ್ಚಿನ ಅಧ್ಯಯನಗಳು ನಡೆದಿವೆ. ಫಲಿತಾಂಶಗಳು ಎಲ್ಲೆಡೆ ಒಂದೇ ರೀತಿ ಇಲ್ಲ. ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್, ಹಿಮ್ಮಡಿ ನೋವಿನ ಕುರಿತ ತನ್ನ 2009ರ ಮಾರ್ಗಸೂಚಿಯಲ್ಲಿ, ಸುರಕ್ಷತೆಯ ದೃಷ್ಟಿಯಿಂದ ದೊಡ್ಡ ಆತಂಕವಿಲ್ಲವಾದರೂ ಪರಿಣಾಮದ ಪುರಾವೆಗಳು ಪರಸ್ಪರ ಹೊಂದಿಕೆಯಾಗುವುದಿಲ್ಲವೆಂದು ತಿಳಿಸಿದೆ. ಆದುದರಿಂದ ಸಾಮಾನ್ಯ ವ್ಯಾಯಾಮ ಮತ್ತು ಆರೈಕೆಯಿಂದ ಗುಣ ಕಾಣದ ರೋಗಿಗಳಿಗೆ ಮಾತ್ರ ಇದನ್ನು ಪರಿಗಣಿಸುವುದು ವಾಡಿಕೆ. “ಎಲ್ಲ ನೋವಿಗೂ ಒಂದೇ ಯಂತ್ರ” ಎಂಬ ಜಾಹೀರಾತನ್ನು ನಂಬಿ ಖರೀದಿಯನ್ನು ನಿರ್ಧರಿಸಬಾರದು.

2. ಉಪಕರಣಗಳ ವಿಧಗಳು

(ಅ) ಕೇಂದ್ರೀಕೃತ ವಿಧ: ಅಲೆಗಳು ಚರ್ಮದ ಕೆಳಗೆ ನಿಗದಿತ ಆಳದಲ್ಲಿ ಒಂದೆಡೆ ಸೇರುತ್ತವೆ. ವಿದ್ಯುತ್ ಕಿಡಿ, ವಿದ್ಯುತ್ಕಾಂತ ಅಥವಾ ಪೀಜೋ ಹರಳುಗಳ ಮೂಲಕ ಅಲೆಯನ್ನು ಉತ್ಪಾದಿಸಲಾಗುತ್ತದೆ. ಆಳದಲ್ಲಿರುವ ಭಾಗಗಳಿಗೆ ಇದು ತಕ್ಕುದು. ಬೆಲೆ ಹೆಚ್ಚು.

(ಆ) ರೇಡಿಯಲ್ ವಿಧ: ಹಿಡಿಕೆಯೊಳಗಿನ ಲೋಹದ ಗುಂಡು ಒತ್ತಡದ ಗಾಳಿಯಿಂದ ಅಥವಾ ವಿದ್ಯುತ್ಕಾಂತದಿಂದ ಚಿಮ್ಮಿ ತುದಿಯ ಲೋಹಕ್ಕೆ ಬಡಿಯುತ್ತದೆ. ಅಲೆಯ ಶಕ್ತಿಯು ಚರ್ಮದ ಮೇಲ್ಭಾಗದಲ್ಲಿ ಅತಿ ಹೆಚ್ಚಾಗಿದ್ದು, ಒಳಹೋದಂತೆ ಹರಡಿ ಕ್ಷೀಣಿಸುತ್ತದೆ. ಭೌತಶಾಸ್ತ್ರದ ಪ್ರಕಾರ ಇದು ಒತ್ತಡದ ಅಲೆಯೇ ಹೊರತು ಪೂರ್ಣಾರ್ಥದ ಆಘಾತ ತರಂಗವಲ್ಲ. ಹಿಮ್ಮಡಿ, ಮೊಣಕೈ ಮುಂತಾದ ಮೇಲ್ಪದರದ ತೊಂದರೆಗಳಿಗೆ ಇದನ್ನು ಬಳಸುತ್ತಾರೆ. ಕಡಿಮೆ ಬೆಲೆಗೆ ದೊರೆಯುವ ಉಪಕರಣಗಳು ಬಹುತೇಕ ಈ ವಿಧದವು.

ರೇಡಿಯಲ್ ಉಪಕರಣದ ಪರದೆಯ ಮೇಲೆ ಕಾಣುವ “ಬಾರ್” ಅಂಕಿಯು ಒಳಗಿನ ಗಾಳಿಯ ಒತ್ತಡವನ್ನು ಸೂಚಿಸುತ್ತದೆಯೇ ಹೊರತು ರೋಗಿಯ ದೇಹಕ್ಕೆ ತಲುಪುವ ಶಕ್ತಿಯನ್ನಲ್ಲ. ಒಂದೇ ಬಾರ್ ಅಂಕಿ ತೋರಿಸುವ ಎರಡು ಉಪಕರಣಗಳು ಬೇರೆ ಬೇರೆ ಶಕ್ತಿಯನ್ನು ನೀಡಬಹುದು. ಆದ್ದರಿಂದ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ಮಿಲಿಜೌಲ್ ಎಂಬ ಮಾಪನದ ವರದಿಯನ್ನು ಮಾರಾಟಗಾರರಿಂದ ಲಿಖಿತವಾಗಿ ಕೇಳಿ ಪಡೆಯಬೇಕು. ರೇಡಿಯಲ್ ಉಪಕರಣಗಳ ಮಾಪನಕ್ಕೆ ಐಇಸಿ 63045 ಎಂಬ ಅಂತರರಾಷ್ಟ್ರೀಯ ಮಾನಕವು 2020ರಿಂದ ಇದೆ.

3. ಪರಿಶೀಲಿಸಬೇಕಾದ ದಾಖಲೆಗಳು

ವೈದ್ಯಕೀಯ ಸಾಧನಗಳ ನಿಯಮಗಳು, 2017 ದಿನಾಂಕ 1-1-2018ರಿಂದ ಜಾರಿಯಲ್ಲಿವೆ. ಅಪಾಯದ ಮಟ್ಟಕ್ಕೆ ಅನುಗುಣವಾಗಿ ಸಾಧನಗಳನ್ನು ಎ, ಬಿ, ಸಿ ಮತ್ತು ಡಿ ಎಂದು ವರ್ಗೀಕರಿಸಲಾಗಿದೆ. ಖರೀದಿಗೆ ಮುನ್ನ ಈ ಕೆಳಕಂಡ ದಾಖಲೆಗಳ ಪ್ರತಿಯನ್ನು ಪಡೆಯತಕ್ಕದ್ದು:

* ವಿದೇಶದಿಂದ ತರಿಸಿದ ಉಪಕರಣವಾದಲ್ಲಿ ಎಂಡಿ-15 ನಮೂನೆಯ ಆಮದು ಪರವಾನಗಿ;
* ದೇಶದಲ್ಲಿ ತಯಾರಾದ ಉಪಕರಣವಾದಲ್ಲಿ ವರ್ಗಕ್ಕೆ ಅನ್ವಯಿಸುವ ಎಂಡಿ-5 ಅಥವಾ ಎಂಡಿ-9 ನಮೂನೆಯ ತಯಾರಿಕಾ ಪರವಾನಗಿ;
* ಮಾರಾಟಗಾರರ ಎಂಡಿ-42 ನಮೂನೆಯ ನೋಂದಣಿ ಪ್ರಮಾಣಪತ್ರ ಅಥವಾ ಔಷಧ ಮಾರಾಟ ಪರವಾನಗಿ;
* ವಿದ್ಯುತ್ ಸುರಕ್ಷತೆ ಕುರಿತ ಐಇಸಿ 60601-1 ಪರೀಕ್ಷಾ ವರದಿ;
* ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ ನಮೂದಿಸಿದ ತೆರಿಗೆ ಬಿಲ್ಲು ಹಾಗೂ ವಾರಂಟಿ ಪತ್ರ.

ಪರವಾನಗಿಯಲ್ಲಿರುವ ಮಾದರಿ ಹೆಸರು ಮತ್ತು ಉಪಕರಣದ ಮೇಲಿನ ಹೆಸರು ಒಂದೇ ಆಗಿರಬೇಕು. ಯುರೋಪಿನ ಸಿಇ ಗುರುತು ಇದ್ದ ಮಾತ್ರಕ್ಕೆ ಭಾರತದಲ್ಲಿ ಮಾರಾಟಕ್ಕೆ ಅನುಮತಿ ದೊರೆತಿದೆ ಎಂದು ಭಾವಿಸಬಾರದು.

4. ನಿಜವಾದ ವೆಚ್ಚದ ಲೆಕ್ಕ

ರೇಡಿಯಲ್ ಉಪಕರಣದ ಹಿಡಿಕೆಯೊಳಗಿನ ಗುಂಡು ಮತ್ತು ಕೊಳವೆ ಸವೆಯುವ ಭಾಗಗಳಾಗಿವೆ. ಇಂತಿಷ್ಟು ಬಡಿತಗಳ ನಂತರ ಅವುಗಳನ್ನು ಬದಲಾಯಿಸಲೇಬೇಕು. ಖರೀದಿಯ ಬೆಲೆಯೊಂದನ್ನೇ ನೋಡುವವರು ಮೋಸ ಹೋಗುವುದು ಇಲ್ಲಿಯೇ. ಕೆಳಗಿನ ಉದಾಹರಣೆಯ ಮೊತ್ತಗಳು ಲೆಕ್ಕದ ಸಲುವಾಗಿ ಕಲ್ಪಿಸಿದವುಗಳಾಗಿದ್ದು, ಮಾರುಕಟ್ಟೆ ದರಗಳಲ್ಲ.

ಒಬ್ಬ ರೋಗಿಗೆ ಒಂದು ಸರದಿಯಲ್ಲಿ 2,000 ಬಡಿತ, ದಿನಕ್ಕೆ 5 ರೋಗಿಗಳು, ವರ್ಷಕ್ಕೆ 300 ದಿನಗಳು ಎಂದಿಟ್ಟುಕೊಂಡರೆ ಮೂರು ವರ್ಷಗಳಲ್ಲಿ 90 ಲಕ್ಷ ಬಡಿತಗಳಾಗುತ್ತವೆ. ಒಂದನೇ ಉಪಕರಣದ ಬೆಲೆ ರೂ. 2 ಲಕ್ಷ, ಅದರ ಬಿಡಿಭಾಗ 10 ಲಕ್ಷ ಬಡಿತ ಬಾಳುತ್ತದೆ. ಎರಡನೇ ಉಪಕರಣದ ಬೆಲೆ ರೂ. 3 ಲಕ್ಷ, ಅದರ ಬಿಡಿಭಾಗ 20 ಲಕ್ಷ ಬಡಿತ ಬಾಳುತ್ತದೆ. ಎರಡಕ್ಕೂ ಬಿಡಿಭಾಗದ ಬದಲಾವಣೆಗೆ ರೂ. 40,000 ತಗಲುತ್ತದೆ. ಉಪಕರಣದೊಂದಿಗೆ ಬರುವ ಮೊದಲ ಭಾಗವನ್ನು ಬಿಟ್ಟು ಒಂದನೆಯದಕ್ಕೆ 8 ಬಾರಿ, ಎರಡನೆಯದಕ್ಕೆ 4 ಬಾರಿ ಬದಲಾವಣೆ ಬೇಕಾಗುತ್ತದೆ. ಒಟ್ಟು ವೆಚ್ಚವು ಕ್ರಮವಾಗಿ ರೂ. 5.20 ಲಕ್ಷ ಮತ್ತು ರೂ. 4.60 ಲಕ್ಷ. ಅಗ್ಗವೆಂದು ಕಂಡ ಉಪಕರಣವೇ ರೂ. 60,000 ಹೆಚ್ಚು ದುಬಾರಿಯಾಯಿತು.

ಆದ್ದರಿಂದ ದರಪಟ್ಟಿಯಲ್ಲಿ ಬಿಡಿಭಾಗದ ಬೆಲೆ, ಅದು ಬಾಳುವ ಬಡಿತಗಳ ಸಂಖ್ಯೆ, ಜಿಎಸ್‌ಟಿ, ಸಾಗಣೆ, ತರಬೇತಿ ಮತ್ತು ವಾರ್ಷಿಕ ನಿರ್ವಹಣಾ ವೆಚ್ಚವನ್ನು ಪ್ರತ್ಯೇಕವಾಗಿ ನಮೂದಿಸಲು ಕೋರಬೇಕು. ಕನಿಷ್ಠ ಮೂವರು ಮಾರಾಟಗಾರರಿಂದ ದರಪಟ್ಟಿ ಪಡೆಯುವುದು ಸೂಕ್ತ. ಬಳಸಿದ ಉಪಕರಣವಾದಲ್ಲಿ ಬಡಿತಗಳ ಎಣಿಕೆಯನ್ನು ಪರದೆಯ ಮೇಲೆ ಸ್ವತಃ ನೋಡಿ, ದುರಸ್ತಿಯ ದಾಖಲೆ ಪರಿಶೀಲಿಸಬೇಕು. ದುರಸ್ತಿ ಸೌಲಭ್ಯವು ಹತ್ತಿರದ ನಗರದಲ್ಲಿ ಇಲ್ಲದಿದ್ದಲ್ಲಿ ಉಪಕರಣ ಕೆಟ್ಟ ದಿನಗಳ ಆದಾಯ ನಷ್ಟವನ್ನೂ ಲೆಕ್ಕಕ್ಕೆ ಸೇರಿಸಬೇಕು.

5. ಸುರಕ್ಷತೆ

ಗರ್ಭಿಣಿಯರ ಹೊಟ್ಟೆ ಹಾಗೂ ಸೊಂಟದ ಭಾಗ ಮತ್ತು ಕ್ಯಾನ್ಸರ್ ಗೆಡ್ಡೆ ಇರುವ ಭಾಗದ ಮೇಲೆ ಈ ಚಿಕಿತ್ಸೆ ನೀಡಬಾರದು. ಹೆಚ್ಚಿನ ಶಕ್ತಿಯ ಕೇಂದ್ರೀಕೃತ ಅಲೆಗಳನ್ನು ಶ್ವಾಸಕೋಶ, ಮಿದುಳು, ಬೆನ್ನುಹುರಿ ಹಾಗೂ ಮಕ್ಕಳ ಎಲುಬಿನ ಬೆಳೆಯುವ ತುದಿಗಳ ಮೇಲೆ ಹಾಯಿಸಬಾರದು. ರಕ್ತ ಹೆಪ್ಪುಗಟ್ಟುವಿಕೆಯ ತೀವ್ರ ದೋಷವುಳ್ಳವರಿಗೂ ನೀಡಬಾರದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಹಾಗೂ ಪೇಸ್‌ಮೇಕರ್ ಉಳ್ಳವರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಚಿಕಿತ್ಸೆಯ ನಂತರ ಚರ್ಮ ಕೆಂಪಾಗುವುದು, ಊತ, ಅಲ್ಪಕಾಲದ ನೋವು ಕಾಣಬಹುದು.

ಮನೆ ಬಳಕೆಗೆಂದು “ಶಾಕ್‌ವೇವ್” ಹೆಸರಿನಲ್ಲಿ ಮಾರುವ ಕೆಲವು ಯಂತ್ರಗಳು ಕೇವಲ ಕಂಪನದ ಮಸಾಜು ಯಂತ್ರಗಳಾಗಿರುತ್ತವೆ. ರೋಗ ನಿರ್ಣಯವಿಲ್ಲದೆ ರೋಗಿಗಳು ತಾವೇ ಇವುಗಳನ್ನು ಖರೀದಿಸಿ ಬಳಸುವುದು ಸೂಕ್ತವಲ್ಲ.

6. ಸಾಲ ಮತ್ತು ನೋಂದಣಿ

ಪ್ರಧಾನಮಂತ್ರಿ ಮುದ್ರಾ ಯೋಜನೆಯಡಿ ಸಣ್ಣ ಸೇವಾ ಉದ್ಯಮಗಳಿಗೆ ರೂ. 10 ಲಕ್ಷದವರೆಗೆ, ಹಾಗೂ ತರುಣ್ ವರ್ಗದ ಸಾಲವನ್ನು ಸಕಾಲದಲ್ಲಿ ತೀರಿಸಿದವರಿಗೆ ರೂ. 20 ಲಕ್ಷದವರೆಗೆ ಆಸ್ತಿ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಅರ್ಜಿಯೊಂದಿಗೆ ಉಪಕರಣದ ದರಪಟ್ಟಿಯನ್ನು ಲಗತ್ತಿಸಬೇಕು. ಕರ್ನಾಟಕದಲ್ಲಿ ಖಾಸಗಿ ಫಿಸಿಯೋಥೆರಪಿ ಕೇಂದ್ರಗಳು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಅಡಿಯಲ್ಲಿ ಜಿಲ್ಲಾ ಪ್ರಾಧಿಕಾರದಲ್ಲಿ ನೋಂದಣಿಯಾಗಿರಬೇಕು. ನೋಂದಣಿಗೆ ಬೇಕಾದ ಸಿದ್ಧತೆ ಪೂರ್ಣಗೊಳ್ಳುವ ಮುನ್ನ ಉಪಕರಣಕ್ಕೆ ಮುಂಗಡ ಪಾವತಿಸಬೇಡಿ.

7. ದೂರು ಮತ್ತು ಪರಿಹಾರ

ವಾಣಿಜ್ಯ ಉದ್ದೇಶದ ಖರೀದಿದಾರರು ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಸ್ವಉದ್ಯೋಗದಿಂದ ಜೀವನೋಪಾಯ ನಡೆಸುವ ಸಲುವಾಗಿಯೇ ಖರೀದಿಸಿ ಬಳಸುವವರನ್ನು ಗ್ರಾಹಕರೆಂದು ಪರಿಗಣಿಸಲಾಗುತ್ತದೆ. ದೋಷಪೂರಿತ ಉಪಕರಣದ ಬಗ್ಗೆ ವ್ಯಾಜ್ಯಕಾರಣ ಉಂಟಾದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915. ಉಪಕರಣದಿಂದ ರೋಗಿಗೆ ಹಾನಿಯಾದಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮಕ್ಕೆ ವರದಿ ಮಾಡಬಹುದು. ಬಿಲ್ಲು, ವಾರಂಟಿ ಪತ್ರ ಮತ್ತು ಮಾರಾಟಗಾರರೊಂದಿಗಿನ ಪತ್ರವ್ಯವಹಾರವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು. ಬಾಯಿಮಾತಿನ ಭರವಸೆಗೆ ಆಯೋಗದ ಮುಂದೆ ಸಾಕ್ಷ್ಯ ಒದಗಿಸುವುದು ಕಷ್ಟ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ರೋಗಿಗೆ ಯಾವ ಚಿಕಿತ್ಸೆ ಸೂಕ್ತವೆಂಬುದನ್ನು ಪರೀಕ್ಷೆ ನಡೆಸಿದ ವೈದ್ಯರೇ ನಿರ್ಧರಿಸತಕ್ಕದ್ದು.