ಹಣ್ಣುಬೆಳೆ ವಿಜ್ಞಾನ

ಹಣ್ಣಿನ ಗಿಡಮರಗಳ ತಳಿ, ಸಸ್ಯಾಭಿವೃದ್ಧಿ, ಬೇಸಾಯ, ಕೊಯ್ಲು ಮತ್ತು ಕೊಯ್ಲೋತ್ತರ ನಿರ್ವಹಣೆಗಳನ್ನು ಅಭ್ಯಸಿಸುವ ತೋಟಗಾರಿಕೆಯ ಶಾಖೆ. ಮಾವು, ಸಪೋಟ, ಸೀಬೆ, ದಾಳಿಂಬೆಗಳ ಜೊತೆಗೆ ದ್ರಾಕ್ಷಿ, ಬಾಳೆಗಳೂ ಇದರ ವ್ಯಾಪ್ತಿಯಲ್ಲಿವೆ. ರಾಗಿ, ಜೋಳಗಳಲ್ಲಿ ತಪ್ಪಿದ ತಳಿಯನ್ನು ಮುಂದಿನ ಹಂಗಾಮಿಗೆ ಬದಲಿಸಬಹುದು; ಮಾವಿನ ತೋಪಿನಲ್ಲಿ ಆ ತಪ್ಪು ಗೊತ್ತಾಗುವುದೇ ಕೆಲವು ವರ್ಷಗಳ ಮೇಲೆ. ಆದ್ದರಿಂದ ತಳಿ, ಬೇರುಸಸಿ (ಕಸಿಗೆ ಬುಡವಾಗುವ ಸಸಿ), ನೆಡುವ ಅಂತರಗಳ ಆಯ್ಕೆಯೇ ಈ ವೃತ್ತಿಯ ತಿರುಳು.

ಕಸಿ: ಬಾದಾಮಿ (ಆಪೂಸ್) ಮಾವಿನ ವಾಟೆಯಿಂದ ಎದ್ದ ಸಸಿ ತಾಯಿಮರದ ಗುಣವನ್ನೇ ಕೊಡುತ್ತದೆಂಬ ಖಾತ್ರಿಯಿಲ್ಲ. ಹಾಗಾಗಿ ಮಾವಿಗೆ ಮೃದುಕಾಂಡ ಕಸಿ, ದಾಳಿಂಬೆಗೆ ಗೂಟಿ ಕಸಿ ರೂಢಿಯಲ್ಲಿವೆ. ಬೇರುಸಸಿ ಮರದ ಎತ್ತರವನ್ನೂ ಮಣ್ಣಿನ ದೋಷ ತಾಳುವ ಶಕ್ತಿಯನ್ನೂ ನಿರ್ಧರಿಸುತ್ತದೆ. ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಕೇಂದ್ರದಲ್ಲಿ (ಸ್ಥಾಪನೆ 1913) ರೊನಾಲ್ಡ್ ಹ್ಯಾಟನ್ ವರ್ಗೀಕರಿಸಿದ ಬೇರುಸಸಿಗಳಲ್ಲಿ ಎಂ.9 ಸೇಬಿನ ಮರವನ್ನು ಗಿಡ್ಡಗಾಗಿಸಿ, ಒತ್ತೊತ್ತಾಗಿ ನೆಡುವ ಪದ್ಧತಿಗೆ ದಾರಿಮಾಡಿತು. ಕರ್ನಾಟಕದ ದ್ರಾಕ್ಷಿ ಬೆಳೆಗಾರರು ಸವುಳು ಮಣ್ಣು, ನೀರಿನ ಕೊರತೆಗಳನ್ನು ತಾಳುವ ಡಾಗ್‌ರಿಜ್ ಬೇರುಸಸಿಯನ್ನು ಬಳಸುತ್ತಾರೆ.

ಫಸಲಿನ ನಿಯಂತ್ರಣ: ದ್ರಾಕ್ಷಿಗೆ ಏಪ್ರಿಲ್‌ನಲ್ಲಿ ಕಡ್ಡಿಗಾಗಿ, ಅಕ್ಟೋಬರ್ ಹೊತ್ತಿಗೆ ಹಣ್ಣಿಗಾಗಿ ಚಾಟನಿ ಮಾಡುತ್ತಾರೆ. ದಾಳಿಂಬೆಗೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಮತ್ತೆ ನೀರು ಗೊಬ್ಬರ ಕೊಟ್ಟು ಬೇಕಾದ ಬಹಾರದಲ್ಲಿ (ಹೂ ಬಿಡುವ ಹಂಗಾಮಿನಲ್ಲಿ) ಹೂ ತರಿಸುತ್ತಾರೆ. ಅಂಬೆ, ಮೃಗ, ಹಸ್ತ ಎಂಬ ಮೂರು ಬಹಾರಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು ನೀರು, ರೋಗ, ಮಾರುಕಟ್ಟೆಗಳನ್ನು ಅವಲಂಬಿಸಿದೆ.

ತಳಿ ಅಭಿವೃದ್ಧಿ: ಬಾದಾಮಿ ಮಾವಿಗೆ ವರ್ಷ ಬಿಟ್ಟು ವರ್ಷ ಫಸಲು ಕೊಡುವ ಗುಣವೂ, ಹಣ್ಣಿನ ತಿರುಳು ಹೊರಗೆ ಸುಳಿವಿಲ್ಲದೆ ಒಳಗೇ ಕೆಡುವ ದೋಷವೂ ಇವೆ. ಇವನ್ನು ನೀಗಲು ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಬಾದಾಮಿಯನ್ನು ಬಂಗನಪಲ್ಲಿಯೊಡನೆ ಸಂಕರಿಸಿ ಅರ್ಕಾ ಪುನೀತ್ ತಳಿಯನ್ನು ರೂಪಿಸಿತು. ನೀಲಂ ಮತ್ತು ದಶೇರಿಗಳ ಸಂಕರದಿಂದ ಹುಟ್ಟಿದ ಮಲ್ಲಿಕಾ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಕೊಡುಗೆ.

ಕರ್ನಾಟಕದಲ್ಲಿ: 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. 20ನೆಯ ಶತಮಾನದಲ್ಲಿ ಲಾಲ್‌ಬಾಗ್‌ನ ಜಿ.ಎಚ್. ಕೃಂಬಿಗಲ್, ಎಚ್.ಸಿ. ಜವರಾಯ ಅವರ ತರುವಾಯ ಎಂ.ಎಚ್. ಮರಿಗೌಡರು ರಾಜ್ಯದುದ್ದಕ್ಕೂ ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆಸಿ, ಒಣಭೂಮಿಯ ರೈತರಿಗೆ ಕಸಿ ಗಿಡಗಳು ಸಿಗುವಂತೆ ಮಾಡಿದರು.

ವೃತ್ತಿ: 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಸ್ನಾತಕ ಪದವಿಯ ನಂತರ ಹಣ್ಣು ವಿಜ್ಞಾನದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಅವಕಾಶವಿದೆ. ಪದವೀಧರರು ತೋಟಗಾರಿಕೆ ಇಲಾಖೆ, ಸಂಶೋಧನಾ ಕೇಂದ್ರ, ಸಸ್ಯಾಗಾರ, ಸಂಸ್ಕರಣೆ ಮತ್ತು ರಫ್ತು ಘಟಕಗಳಲ್ಲಿ ದುಡಿಯುತ್ತಾರೆ. ಕಸಿ ಕಟ್ಟುವ, ಚಾಟನಿ ಮಾಡುವ ಕುಶಲ ಕೆಲಸಗಾರರಲ್ಲಿ ಹೆಚ್ಚಿನವರು ಪದವಿಯಿಂದಲ್ಲ, ತೋಟದಲ್ಲೇ ಕೈ ಪಳಗಿಸಿಕೊಂಡವರು.